ಮನೆಯಲ್ಲಿ ಯಾರಿಗೆ ಕಾಯಿಲೆ?

ಗುರುವಾರ, ೧೯

ಚಾವಣಿ ಶೀಟ್ ಕಾರ್ಖಾನೆಯ ಯಜಮಾನರ ಕಡತ ಇವತ್ತೂ ಮುಗಿಯಲಿಲ್ಲ. ನಮ್ಮ ಸಂಸ್ಥೆಯ ಶ್ವಾಸಕೋಶದ ಆಸ್ಪತ್ರೆಗೆ ಹೊಸ ವಾರ್ಡ್ ಕಟ್ಟಿಸಿಕೊಡುತ್ತೇನೆ ಎಂದು ಅವರೇ ಫೋನ್ ಮಾಡಿದ್ದರು. ಹೆಸರು ಮಾತ್ರ ಎಲ್ಲೂ ಹಾಕಬಾರದಂತೆ. ದಾನಿಗಳ ಪೂರ್ವಾಪರ ಕೆದಕುವುದೇ ನನ್ನ ಕೆಲಸ. ಗೋಡೆಯ ಮೇಲೆ ಹೆಸರು ಬೇಡ ಎಂದವರನ್ನು ಇದುವರೆಗೆ ಕಂಡಿಲ್ಲ.

ನಮ್ಮ ನಮೂನೆಯಲ್ಲಿ ಒಂದು ಅಂಕಣವಿದೆ: ಮನೆಯಲ್ಲಿ ಯಾರಿಗೆ ಕಾಯಿಲೆ? ಕೊಡುವ ಮನಸ್ಸು ಹುಟ್ಟುವುದೇ ಅಲ್ಲಿ. ಇವರದು ಖಾಲಿ. ತಾಯಿ ತೊಂಬತ್ತೊಂದರಲ್ಲೂ ಮಹಡಿ ಹತ್ತುತ್ತಾರೆ. ಹೆಂಡತಿ ಮಕ್ಕಳು ಗುಂಡುಕಲ್ಲಿನ ಹಾಗಿದ್ದಾರೆ.

"ಕೊಡೋರ ಮೇಲೂ ಅನುಮಾನಾನಾ? ನಿಮಗೆ ಮೊಸರಲ್ಲೂ ಕಲ್ಲು ಸಿಗುತ್ತೆ ಬಿಡಿ" ಎಂದು ಮ್ಯಾನೇಜರ್ ನಕ್ಕರು.

ಇರಬಹುದು. ಆದರೆ ಯಜಮಾನರು ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆ ತಲೆ ಕೊರೆಯುತ್ತಿದೆ. "ರೋಗಿಗಳ ಹಳೇ ರೆಕಾರ್ಡು ಎಷ್ಟು ವರ್ಷ ಇಟ್ಕೊಂಡಿರ್ತೀರಮ್ಮಾ?" ವಾರ್ಡ್ ಕಟ್ಟಿಸುವವರಿಗೆ ಅದೇಕೆ?

ಸಂಜೆ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಶ್ರದ್ಧಾಂಜಲಿ ಪುಟ ತಿರುವಿದೆ. ಹುಡುಕಿದ್ದು ಅವರ ಬಂಧುಗಳನ್ನು, ಸಿಕ್ಕಿದ್ದು ಕಾರ್ಖಾನೆಯೇ ಹಾಕಿಸಿದ ಏಳು ಪ್ರಕಟಣೆ. ಏಳೂ ಜನ ಶೀಟು ಕೊಯ್ಯುವ ವಿಭಾಗದವರು, ದಿನವಿಡೀ ಆಸ್ಬೆಸ್ಟಾಸ್ ದೂಳು ಕುಡಿದವರು. ಒಬ್ಬರೂ ಐವತ್ತು ದಾಟಿಲ್ಲ. ಏಳರಲ್ಲೂ ಒಂದೇ ಮಾತು: ಅಲ್ಪಕಾಲದ ಅನಾರೋಗ್ಯ.

ಊಟ ಸೇರಲಿಲ್ಲ. "ಮತ್ತೆ ಯಾರ ಹಿಂದೆ ಬಿದ್ದಿದ್ದೀಯೆ?" ಅಂದರು ಅತ್ತೆ. ತಟ್ಟೆ ಎತ್ತಿಟ್ಟು ಕಡತ ಬಿಚ್ಚಿದೆ.

ಬೆಳಿಗ್ಗೆ ಕಡತ ಕೊಡಬೇಕು. ಆ ಅಂಕಣ ಖಾಲಿ ಬಿಟ್ಟರೆ ವಾರ್ಡ್ ಏಳುತ್ತದೆ, ಎಲ್ಲರಿಗೂ ಕ್ಷೇಮ. ಈ ಏಳು ಜನ ಅವರ ಮನೆಯವರಲ್ಲ, ಅದೂ ಗೊತ್ತು.

ಅಂಕಣ ಚಿಕ್ಕದು. ಆರು ಹೆಸರಿಗೇ ತುಂಬಿತು. ಏಳನೆಯದನ್ನು ಅಂಚಿನಲ್ಲಿ ಬರೆದೆ.