ಆರು ನಿಮಿಷದ ಅಚ್ಚು

೧೨ ಫೆಬ್ರುವರಿ ೨೦೦೨, ಮಂಗಳವಾರ. ಖಾನಾಪುರ

ಮತ್ತೆ ಗಂಜಿ. ಲೋಂಡಾ ಸ್ಟೇಷನ್ನಿಗೆ ಡ್ಯೂಟಿಗೆ ಹೋದರೆ ಮೈಕಿನ ಮುಂದೆ ಶಿವಲಿಂಗ. ಹದಿನೆಂಟು ವರ್ಷ ನಾನು ಕೂತು ಗಾಡಿ ಅನೌನ್ಸ್ ಮಾಡಿದ ಕುರ್ಚಿ. ಹಲ್ಲೆಲ್ಲ ಹೋದ ಮೇಲೆ ನನಗೆ ಪಾರ್ಸಲ್ ರೂಮು. ಹಲ್ಲಿನ ಸೆಟ್ಟು ಹಾಕಿಕೊಂಡು ಗಾಡಿಯ ಹೆಸರು 'ನಿಜಾಮುದ್ದೀನ್' ಅಂದೆ ಒಮ್ಮೆ... ಸೆಟ್ಟು ಮೈಕಿನ ಮೇಲೆ ಬಿತ್ತು. ಪ್ಲಾಟ್‌ಫಾರ್ಮ್ ತುಂಬ ನಗು. ನೆನೆದರೆ ಈಗಲೂ ಸಾಯಬೇಕೆನಿಸುತ್ತದೆ.

ಕೆಳದವಡೆಯ ಎಲುಬಿನೊಳಗೆ ಈಗ ನಾಲ್ಕು ಸ್ಕ್ರೂ. ಅವುಗಳ ಮೇಲೆ ಲೋಹದ ಪಟ್ಟಿ ಕೂರಬೇಕು, ಪಟ್ಟಿಯ ಮೇಲೆ ಹಲ್ಲು. ಬೀಳುವ ಮಾತೇ ಇಲ್ಲ ಅಂತಾರೆ ಟಿಳಕವಾಡಿಯ ಡಾಕ್ಟರ್ ಮುಗ್ಧಾ. ಮಾರ್ಚ್ ಮುಗಿಯುವುದರೊಳಗೆ ಬಾಯಿ ಸರಿಹೋದರೆ ಕುರ್ಚಿ ನನ್ನದು. ಇಲ್ಲವೋ, ಶಿವಲಿಂಗನಿಗೆ ಖಾಯಂ. ನಾಳೆ ಅಳತೆ.

೧೩ ಫೆಬ್ರುವರಿ

ಬಾಯಲ್ಲಿ ಕಣಕದಂಥದ್ದನ್ನು ತುಂಬಿದ ಟ್ರೇ ಇಟ್ಟರು. "ಆರ್ ಮಿನಿಟ್ ಅಲುಗಬ್ಯಾಡ್ರಿ ಅಕ್ಕಾರ. ಕೂದಲೆಳಿಯಷ್ಟ ಸರದ್ರೂ ಪಟ್ಟಿ ಕೂಡಂಗಿಲ್ಲ." ಅದರಿಂದ ಪ್ಲಾಸ್ಟರ್ ಅಚ್ಚು. ಅಚ್ಚನ್ನು ಉದ್ಯಮಬಾಗದ ಕಾರ್ಖಾನೆಯೊಂದರ ಕಂಪ್ಯೂಟರ್ ಸ್ಕ್ಯಾನರಿನಲ್ಲಿ ಇಟ್ಟು ಅಳೆಸುತ್ತಾರಂತೆ, ಆ ಅಳತೆಗೇ ಪಟ್ಟಿ. ನಮ್ಮೂರ ಕಡೆ ಇದೇ ಮೊದಲಂತೆ.

ಸಂಜೆ ಡ್ಯೂಟಿಗೆ ಗಾಡಿ ಸಿಕ್ಕಿತು. ಎಲ್ಲ ಸುಸೂತ್ರ.

೨ ಮಾರ್ಚ್, ಶನಿವಾರ

ಪಟ್ಟಿ ಬಂತು. ನೋಡಲು ಚಂದ. ನನ್ನ ಬಾಯಲ್ಲಿ ಕೂರಲಿಲ್ಲ. ಬಲಗಡೆ ಒಂದು ಸ್ಕ್ರೂ ಬಿಗಿದರೆ ಎಡತುದಿ ಮೇಲೇಳುತ್ತದೆ, ಒಂದು ಕಾಲು ಗಿಡ್ಡವಾದ ಮಂಚದ ಹಾಗೆ. ಕನ್ನಡಿ ಹಿಡಿದು ತೋರಿಸಿದರು.

"ಸ್ಕ್ಯಾನ್ ತಪ್ಪೈತಿ. ಹೊಸಾ ಮಷಿನ್ ನಂಬಿ ಕೆಟ್ಟೆ," ಅಂದರು ಮುಗ್ಧಾ. ಮುಖ ಸಣ್ಣದಾಗಿತ್ತು.

"ಜೋರ್ ಬಿಗದ್ರ?"

"ಎಲುಬು ಬಿಟ್ಟಿತಂದ್ರ ಸ್ಕ್ರೂನೂ ಹೋಗತಾವ್ರಿ. ಮತ್ತ ಹಾಕಾಕ ನಿಮ್ಮ ದವಡ್ಯಾಗ ಎಲುಬ ಉಳದಿಲ್ಲ."

ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡೇ ಬಂದೆ. ದೇವರೇ...

೫ ಮಾರ್ಚ್

ಕಾರ್ಖಾನೆಯ ಕೃಷ್ಣಾಜಿ ಅವರೇ ಕ್ಲಿನಿಕ್ಕಿಗೆ ಬಂದಿದ್ದರು. ಮೂರು ಸಲ ಸ್ಕ್ಯಾನ್ ಮಾಡಿದ್ದಾರೆ. ಮೂರೂ ಒಂದೇ. "ಡಾಕ್ಟರ್‌ಬಾಯಿ, ನೀವು ಕೊಟ್ಟ ಅಚ್ಚ ಹೆಂಗೈತಿ ಹಂಗ ಅಳದೈತಿ ಮಷಿನ್. ಅಚ್ಚ ಬಾಯಿಗತೆ ಐತೇನು, ಅದನ್ನ ಅವರಿಗೆ ಕೇಳ್ರಿ."

ಮುಗ್ಧಾ ನನ್ನ ಕಡೆ ತಿರುಗಿದರು. "ಅವತ್ತ ಟ್ರೇ ಅಲುಗಿತ್ತೇನ್ರಿ ಅಕ್ಕಾರ?"

"ಇಲ್ರಿ."

ಎರಡನೇ ಸಲ ಸುಳ್ಳು. ಅವತ್ತೂ ಕೇಳಿದ್ದರು, ಅವತ್ತೂ ತಲೆ ಅಲ್ಲಾಡಿಸಿದ್ದೆ. ಗಡಿಯಾರ ನನ್ನ ಬೆನ್ನಿಗಿತ್ತು. ಡಾಕ್ಟರ್ ಆ ಕಡೆ ಕೈ ತೊಳೆಯುತ್ತಿದ್ದರು. ಗಾಡಿ ತಪ್ಪಿದರೆ ಡ್ಯೂಟಿ ತಪ್ಪುತ್ತದೆ ಎಂದು ಕತ್ತು ಹೊರಳಿಸಿದೆ. ಟ್ರೇ ಜಾರಿದ್ದು ವಸಡಿಗೆ ಗೊತ್ತಾಯಿತು. ಗಾಡಿಗಳ ಟೈಮು ಬಾಯಿಪಾಠ ನನಗೆ, ಗಡಿಯಾರ ನೋಡುವ ಹಾಳು ಚಟ ಬೇರೆ.

ಈಗ ಹೇಳಿದರೆ ಮತ್ತೆ ಅಚ್ಚು, ಮತ್ತೆ ಸ್ಕ್ಯಾನು. ಮಾರ್ಚ್ ಮುಗಿದುಹೋಗುತ್ತದೆ. ಕುರ್ಚಿ ಹೋಗುತ್ತದೆ. ಹೇಳದಿದ್ದರೆ... ಅಚ್ಚು ಸರಿಯಿದೆ ಎಂದೇ ನಂಬಿದ್ದಾರೆ ಮುಗ್ಧಾ. "ಹಂಗಾರ ಪಟ್ಟಿನ ಸ್ವಲ್ಪ ಸೊಟ್ಟಾಗಿರಬೇಕು. ಶುಕ್ರವಾರ ನಾಲ್ಕೂ ಸ್ಕ್ರೂ ಸಾವಕಾಶ ಬಿಗದು ನೋಡೂಣು."

'ಹೂಂ' ಅಂದು ಎದ್ದು ಬಂದೆ.

೮ ಮಾರ್ಚ್, ಶುಕ್ರವಾರ. ಬೆಳಿಗ್ಗೆ ೧೦:೪೦, ಟಿಳಕವಾಡಿ

ಕ್ಲಿನಿಕ್ಕಿನ ಬೆಂಚು. ಒಳಗೆ ಸ್ಕ್ರೂ ಬಿಗಿಯುವ ಕೀಲಿ ತೆಗೆದಿಡುವ ಸದ್ದು. ಮುಂದಿನ ಪಾಳಿ ನನ್ನದು.

ಬಾಯಿ ಬಿಟ್ಟು ಹೇಳಲು ಆಗದು. ಅತ್ತುಬಿಡುತ್ತೇನೆ. ಶಿವಲಿಂಗ ಕೂತಿರಲಿ ಅಲ್ಲೇ. ಈ ನಾಲ್ಕು ಸ್ಕ್ರೂ ಹೋದರೆ ನನಗೆ ಯಾವ ಕುರ್ಚಿ ಸಿಕ್ಕು ಏನು. ಈ ಹಾಳೆಯನ್ನೇ ಅವರ ಕೈಗೆ ಕೊಡುತ್ತೇನೆ. ಯಾರೂ ನೋಡಬಾರದೆಂದು ಬರೆದುಕೊಂಡು ಬಂದದ್ದು.

"ಪ್ರಮಿಳಾ ಅಕ್ಕಾರ, ಬರ್ರಿ ಒಳಗ."

ಡಾಕ್ಟರ್ ಮುಗ್ಧಾ, ಇದನ್ನು ಓದಿ ಆಮೇಲೆ ಕೀಲಿ ಹಿಡಿಯಿರಿ. ಅವತ್ತು ಟ್ರೇ ಅಲುಗಿತ್ತು. ಐದೂ ಹತ್ತಾಗಿತ್ತು, ನನ್ನ ಗಾಡಿ...