ಕವಾಗುಚಿಯ ಕೊಳದಲ್ಲಿ ನರಕ ಚತುರ್ದಶಿ

ನಿಗಡಿ, ಪುಣೆ
೨೮ ನವೆಂಬರ್ ೧೯೯೯, ರವಿವಾರ ಮಧ್ಯಾಹ್ನ

ಸೌ. ಪ್ರೇಮಾವತಿಗೆ ಭುಜಂಗನ ನಮಸ್ಕಾರಗಳು.

ಹೆಂಡತಿಗೆ ನಮಸ್ಕಾರ ಬರೆಯುವ ವಾಡಿಕೆ ಇಲ್ಲ, ಗೊತ್ತು. ಆಶೀರ್ವಾದ ಬರೆಯುವ ಯೋಗ್ಯತೆ ಸದ್ಯಕ್ಕೆ ಇಲ್ಲ, ಅದೂ ಗೊತ್ತು. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗಿನ ಅಗಣ್ಯರೇ, ಕೊನೆಗೆ ಸಿಗುವ ಉಪ್ಪಿಟ್ಟಿಗಾಗಿ ನಡುವಿನ ಭಾಷಣ ಸಹಿಸಲು ಬಂದ ಪುಣ್ಯವಂತರೇ! ಇಂದಿನ ವಿಷಯ: ಜಪಾನದ ಸಾರ್ವಜನಿಕ ಸ್ನಾನಗೃಹವೂ ಅದರಲ್ಲಿ ಮುಳುಗಿ ಎದ್ದ ಕನ್ನಡಿಗನೂ.

ಗಾಬರಿಯಾಗಬೇಡ, ತಲೆ ಕೆಟ್ಟಿಲ್ಲ. ನಿಗಡಿಯ ಕನ್ನಡ ಬಳಗದವರು ಮುಂದಿನ ರವಿವಾರ ನನ್ನಿಂದ ಜಪಾನದ ಅನುಭವ ಕೇಳಬೇಕೆಂದು ಪಟ್ಟು ಹಿಡಿದಿದ್ದಾರೆ. ನನ್ನ ಭಾಷಣಗಳನ್ನು ಮೊದಲಿನಿಂದಲೂ ತಿದ್ದಿದವಳು ನೀನು. ಈಗ ಗದಗದಲ್ಲಿ ನಿನ್ನ ಅಣ್ಣನ ಮನೆಯಲ್ಲಿದ್ದೀ ಎಂಬ ಕಾರಣಕ್ಕೆ ಆ ಕೆಲಸ ತಪ್ಪಿಸಿಕೊಳ್ಳುವಂತಿಲ್ಲ. ಕೆಂಪು ಶಾಯಿ ತೆಗೆದುಕೊಂಡು ಕೂಡು.

ಭೋಸರಿಯ ನಮ್ಮ ಕಂಪನಿ, ಧಾರವಾಡದಲ್ಲಿ ಕನ್ನಡದಲ್ಲೇ ಬಿ.ಎ. ಮಾಡಿದ ತನ್ನ ಸ್ಟೋರ್ ಕೀಪರನನ್ನು ಇಪ್ಪತ್ತೊಂದು ದಿನ ಜಪಾನಕ್ಕೆ ಕಳಿಸಿತು. ಯಾಕೆ? ತೆಗೆದ ಸಾಮಾನನ್ನು ತೆಗೆದ ಜಾಗದಲ್ಲೇ ತಿರುಗಿ ಇಡುವುದನ್ನು ಕಲಿಯಲು. ಇದನ್ನು ನೀನು ಇಪ್ಪತ್ತೆರಡು ವರ್ಷ ಅಡುಗೆಮನೆಯಲ್ಲಿ ನಿಂತು ಪುಕ್ಕಟೆ ಕಲಿಸುತ್ತಿದ್ದೆ. ಪುಕ್ಕಟೆ ಪಾಠ, ತಲೆಗೆ ಹತ್ತದ ಆಟ. ಅದಕ್ಕೇ ವಿಮಾನ ಹತ್ತಿಸಿದರು.

ನಾವು ಇಳಿದದ್ದು ಟೋಕಿಯೋದ ಮಗ್ಗುಲಿಗಿರುವ ಕವಾಗುಚಿ ಎಂಬ ಊರಲ್ಲಿ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರಖಾನೆಗಳ ಊರು. ವಾಸನೆ ಭೋಸರಿಯದೇ, ಕಸ ಮಾತ್ರ ಇಲ್ಲ. ಜೊತೆಗೆ ನಮ್ಮ ಪ್ರಲ್ಹಾದ ಇದ್ದ. ನಿನಗೆ ಗೊತ್ತಲ್ಲ, ಧಾರವಾಡದ ಹುಡುಗ, ಡ್ರಾಯಿಂಗ್ ವಿಭಾಗದವನು, ಎರಡು ವರ್ಷ ಸಂಜೆ ತರಗತಿಗೆ ಹೋಗಿ ಜಪಾನಿ ಕಲಿತವನು. ನಮ್ಮನ್ನು ಇಳಿಸಿದ ಹಳೆಯ ವಸತಿಯಲ್ಲಿ ಬಚ್ಚಲು ದುರಸ್ತಿಯಲ್ಲಿತ್ತು. ಓಣಿಯ ಕೊನೆಗೆ ಊರಿನವರೆಲ್ಲ ಹೋಗುವ ಸ್ನಾನದ ಮನೆ ಇದೆ, ಅಲ್ಲಿಗೆ ಹೋಗಿ ಎಂದರು.

ಬಾಗಿಲಿಗೆ ನೀಲಿ ಪರದೆ. ಒಳಗೆ ಹೆಂಗಸರ ಕಡೆಗೂ ಗಂಡಸರ ಕಡೆಗೂ ಕಾಣುವಂತೆ ನಡುವಿನ ಎತ್ತರದ ಕಟ್ಟೆಯ ಮೇಲೆ ಒಬ್ಬ ಅಜ್ಜಿ, ನ್ಯಾಯಾಧೀಶರ ಹಾಗೆ. ರೊಕ್ಕ ಇಸಿದುಕೊಂಡು ಬುಟ್ಟಿ ತೋರಿಸಿದಳು. ನಾನು ಎಲ್ಲ ಬಿಚ್ಚಿ, ನಮ್ಮ ನಾಡಿನ ಮರ್ಯಾದೆಯನ್ನು ಪಟ್ಟಾಪಟ್ಟಿ ಚಡ್ಡಿಯಲ್ಲಿ ಉಳಿಸಿಕೊಂಡು ಹೊರಟೆ. ಅಜ್ಜಿ ಮೇಲಿನಿಂದ ಏನೋ ಅಂದಳು. ಅಲ್ಲಿದ್ದ ನಾಲ್ಕು ಜನ ನಕ್ಕರು. ಪ್ರಲ್ಹಾದ ಗೋಡೆ ನೋಡುತ್ತ ಅನುವಾದಿಸಿದ.

"ಸರ, ಅದನ್ನ ಒಗೀಲಿಕ್ಕೆ ತಂದೀರೇನು ಅಂತ ಕೇಳ್ಲಿಕತ್ತಾಳ್ರಿ."

ಉಟ್ಟರೆ ಎಲ್ಲರ ಕಣ್ಣು ನೆಟ್ಟು, ಬಿಟ್ಟರೆ ಯಾರಿಗೂ ಬೇಡದ ಗುಟ್ಟು. ಸಭಿಕರೇ, ಇದನ್ನು ಬರೆದುಕೊಳ್ಳಿ. ನಿಜಕ್ಕೂ ಚಡ್ಡಿ ಬುಟ್ಟಿಗೆ ಬಿದ್ದ ಕ್ಷಣದಿಂದ ಒಬ್ಬನೂ ನನ್ನತ್ತ ನೋಡಲಿಲ್ಲ. ಬೊಕ್ಕತಲೆ, ಡೊಳ್ಳುಹೊಟ್ಟೆ, ಆಪರೇಶನ್ನಿನ ಹೊಲಿಗೆ, ಒಣಗಿದ ತೊಡೆ, ಎಲ್ಲವೂ ಸಾಲಾಗಿ ಮೋಟು ಸ್ಟೂಲುಗಳ ಮೇಲೆ ಕೂತು ಸಾಬೂನು ಹಚ್ಚಿಕೊಳ್ಳುತ್ತಿದ್ದವು. ಅಲ್ಲಿಯ ಕಟ್ಟಳೆ ಇಷ್ಟು: ಮೊದಲು ಕೂತು ಮೈ ಉಜ್ಜಿ, ನೊರೆಯ ಹನಿಯೂ ಉಳಿಯದಂತೆ ತೊಳೆದುಕೊಳ್ಳಬೇಕು, ಆಮೇಲೆ ಕೊಳಕ್ಕೆ ಇಳಿಯಬೇಕು. ಕೊಳ ಎಂದರೆ ಎದೆಮಟ್ಟದ ಬಿಸಿನೀರಿನ ತೊಟ್ಟಿ. ಅದು ಕೊಳೆ ತೆಗೆಯುವುದಕ್ಕಲ್ಲ, ಎಲ್ಲರೂ ಸೇರಿ ಸುಮ್ಮನೆ ಕೂಡುವುದಕ್ಕೆ. ಸಣ್ಣ ಟವೆಲು ನೀರಿಗೆ ತಾಕಬಾರದು, ಮಡಚಿ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಗೋಡೆಯ ಮೇಲೆ ದೊಡ್ಡ ಹಿಮದ ಬೆಟ್ಟದ ಚಿತ್ರ. ಕೆಳಗೆ ಬೇಯುತ್ತಾ ಮೇಲೆ ತಣ್ಣಗೆ ನೋಡುವುದು.

ಮೂರನೆಯ ದಿನಕ್ಕೆ ಚಟವಾಯಿತು. ಸಂಜೆ ಕಾರಖಾನೆ ಬಿಟ್ಟ ಕೂಡಲೇ ಬಟ್ಟಲು, ಸಾಬೂನು ಹಿಡಿದು ಓಣಿಯಲ್ಲಿ ಹೊರಡುವುದು. ಮಿಂದ ಮೇಲೆ ಗಾಜಿನ ಬಾಟಲಿಯ ತಣ್ಣನೆ ಹಾಲು, ಸೊಂಟಕ್ಕೆ ಕೈಯಿಟ್ಟು ನಿಂತೇ ಕುಡಿಯುವುದು. ದಾರಿಯ ಅಂಗಡಿಯವನು, ನಾನು ಏನೂ ಕೊಳ್ಳದೆ ಹೊರಬಿದ್ದರೂ ಬಾಗಿ ಧನ್ಯವಾದ ಹೇಳುವನು. ನಮ್ಮ ಪುಣೆಯ ಅಂಗಡಿಯವನು ಕೊಳ್ಳಲು ಬಂದವನನ್ನೂ ಒಂದರಿಂದ ನಾಲ್ಕರವರೆಗೆ ಹೊರಗೆ ನಿಲ್ಲಿಸಿ ನಿದ್ದೆ ಮಾಡುವನು. ಪುಣೆಯಲ್ಲಿ ಇಪ್ಪತ್ತು ವರ್ಷದಲ್ಲಿ ಬಾರದ ಸಮಾಧಾನ ಕವಾಗುಚಿಯಲ್ಲಿ ಇಪ್ಪತ್ತು ನಿಮಿಷದಲ್ಲಿ ಬರುತ್ತಿತ್ತು. ಮೈ ಒರೆಸಿಕೊಳ್ಳುವಾಗ ಹೋಗುತ್ತಿತ್ತು.

ಇಷ್ಟು ಬರೆದು ಮೂರು ಸಲ ಎದ್ದೆ. ಒಮ್ಮೆ ಹೊರಗಿನ ಗ್ಯಾಲರಿಗೆ ಹೋಗಿ ನಿಂತೆ, ಒಮ್ಮೆ ಚಹಾ ಮಾಡಿ ಸಕ್ಕರೆ ಮರೆತೆ, ಒಮ್ಮೆ ಯಾಕೆ ಎದ್ದೆ ಎಂಬುದೇ ಗೊತ್ತಾಗಲಿಲ್ಲ. ರೇಣು ಓದುತ್ತಿದ್ದವಳು ತಲೆ ಎತ್ತಿ, "ಅಪ್ಪಾ, ಒಂದು ಕಡೆ ಕೂಡ್ರೂದಾಗಲಿಲ್ಲ ಅಂದ್ರ ಕೆಳಗ ಹೋಗಿ ಭಾಜಿ ತಗೊಂಡ್ ಬರ್ರಿ" ಅಂದಳು. ಥೇಟ್ ನಿನ್ನ ದನಿ. ಭಾಜಿ ತಂದೆ. ಮೆಂತ್ಯ ಅಂದುಕೊಂಡು ತಂದದ್ದು ಇನ್ನೇನೋ ಆಗಿದೆ.

ಇನ್ನು ಭಾಷಣದ ಮುಖ್ಯ ಭಾಗ.

ನರಕ ಚತುರ್ದಶಿ ಅಲ್ಲೇ ಬಂತು. ರೇಣು ನನ್ನ ಪೆಟ್ಟಿಗೆಯಲ್ಲಿ ಕೊಬ್ಬರಿಎಣ್ಣೆಯ ಸಣ್ಣ ಬಾಟಲಿಯನ್ನೂ ಮೈಗೆ ಹಚ್ಚುವ ಉಟಣೆ ಪುಡಿಯ ಪೊಟ್ಟಣವನ್ನೂ ಇಟ್ಟಿದ್ದಳು. ಸೂರ್ಯ ಹುಟ್ಟುವ ಮೊದಲು ಆಗಬೇಕಾದ ಎಣ್ಣೆಸ್ನಾನ, ಸೂರ್ಯ ಮೊದಲು ಹುಟ್ಟುವ ದೇಶದಲ್ಲಿ ಸಂಜೆಗೆ ಬಿತ್ತು. ಸ್ನಾನದ ಮನೆ ತೆರೆಯುವುದೇ ನಾಲ್ಕಕ್ಕೆ. ಕೋಣೆಯಲ್ಲಿ ತಲೆಯಿಂದ ಅಂಗಾಲಿನವರೆಗೆ ಎಣ್ಣೆ ತಿಕ್ಕಿಕೊಂಡೆ, ಮೇಲೆ ಹಳೆಯ ಅಂಗಿ ಹಾಕಿಕೊಂಡು ಹೋದೆ. ನನ್ನ ಲೆಕ್ಕ ಹೀಗಿತ್ತು: ಮೊದಲೇ ಸಾಬೂನು ಹಚ್ಚಿದರೆ ಎಣ್ಣೆ ವ್ಯರ್ಥ. ಎರಡು ಬಟ್ಟಲು ನೀರು ಸುರಿದುಕೊಂಡು, ಬಿಸಿನೀರಲ್ಲಿ ಕೂತು, ಎಣ್ಣೆ ಮೈಗೆ ಇಳಿದ ಮೇಲೆ ಎದ್ದು ಉಟಣೆ ಹಚ್ಚಿ ತೊಳೆದರಾಯಿತು. ನಮ್ಮ ಮನೆಯ ಬಚ್ಚಲಲ್ಲಿ ಈ ಲೆಕ್ಕ ಎಂದೂ ತಪ್ಪಿಲ್ಲ.

ಇಳಿದು ಕೂತೆ. ಕಣ್ಣು ಮುಚ್ಚಿದೆ. ತೆರೆದಾಗ, ಒಗ್ಗರಣೆ ಬಿದ್ದ ಸಾರಿನ ಮೇಲೆ ತೇಲುವ ಹಾಗೆ ನೀರಿನ ತುಂಬ ಎಣ್ಣೆಯ ಬಳೆಗಳು. ನಾನು ನಡುವೆ ನಿಂತ ಬದನೆಕಾಯಿ. ತೊಟ್ಟಿಯಲ್ಲಿ ಇನ್ನೂ ಆರು ಜನರಿದ್ದರು. ಒಬ್ಬರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಸದ್ದು ಮಾಡದೆ ಸ್ಟೂಲುಗಳ ಮೇಲೆ ಕೂತು ಮತ್ತೆ ಮೊದಲಿನಿಂದ ಸಾಬೂನು ಹಚ್ಚಿಕೊಳ್ಳತೊಡಗಿದರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ನಾನು ಸರಕಾರಿ ನಳದ ಮುಂದೆ ಬೈಸಿಕೊಂಡು ಬೆಳೆದವನು. ಬೈಗುಳಕ್ಕೆ ಉತ್ತರ ಗೊತ್ತು, ಮೌನಕ್ಕೆ ಗೊತ್ತಿಲ್ಲ.

ಓಕಾನೋ ಎಂಬ ಮುದುಕ ಒಬ್ಬನೇ ಉಳಿದ. ನಲವತ್ತು ವರ್ಷ ಎರಕ ಹೊಯ್ದು ನಿವೃತ್ತನಾದವನು, ದಿನಾ ಬರುವವನು. ಒಂದು ಬಟ್ಟಲು ತಂದು ನೀರ ಮೇಲಿನ ಎಣ್ಣೆಯನ್ನು ಅಂಚಿಗೆ ದೂಡಿ ದೂಡಿ ಹೊರಗೆ ಚೆಲ್ಲಿದ. ಆಮೇಲೆ ನನ್ನ ಮೊಣಕೈ ಹಿಡಿದು ಎಬ್ಬಿಸಿ ಸ್ಟೂಲಿನ ಮೇಲೆ ಕೂಡಿಸಿ, ಹಿಂದೆ ಕೂತು ಬೆನ್ನಿಗೆ ಸಾಬೂನು ತಿಕ್ಕತೊಡಗಿದ. ಒಬ್ಬರ ಬೆನ್ನು ಇನ್ನೊಬ್ಬರು ತಿಕ್ಕುವುದು ಅಲ್ಲಿಯ ಹಳೆಯ ರೂಢಿಯಂತೆ. ಪ್ರಲ್ಹಾದ ಕ್ಷಮೆ ಕೇಳುತ್ತ ಏನೇನೋ ವಿವರಿಸಿದ: ಇಂದು ನಮ್ಮ ಹಬ್ಬ, ಮನೆಯಲ್ಲಿ ಹೆಂಡತಿಯೇ ಎಣ್ಣೆ ಹಚ್ಚುತ್ತಾಳೆ, ಆರತಿ ಮಾಡುತ್ತಾಳೆ ಎಂದು. ಮುದುಕ ತಿಕ್ಕುತ್ತಲೇ ಒಂದು ಪ್ರಶ್ನೆ ಕೇಳಿದ.

"ಈ ಹಬ್ಬಕ್ಕ ನಿಮ್ಮ ಮನಿಯವರಿಗೆ ಯಾರು ಎಣ್ಣಿ ಹಚ್ಚತಾರಂತ ಕೇಳ್ತಾರ ಸರ."

"ಆಕಿ ತವರಿಗೆ ಹೋಗ್ಯಾಳಂತ ಹೇಳಪಾ" ಅಂದೆ.

ಜುಲೈಯಲ್ಲಿ ಮಿರಜದಿಂದ ರೇಣುವನ್ನು ನೋಡಲು ಬಂದವರಿಗೆ ನಾನು ಹೇಳಿದ್ದೂ ಇದೇ ಮಾತು. ಆಗ ನೀನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ನೀನೇ ಮಾಡಿದ ಅವಲಕ್ಕಿಯನ್ನು ನನ್ನ ಸೋದರತ್ತೆ ಅವ್ವಮ್ಮ ತಂದು ಅವರ ಮುಂದಿಟ್ಟಳು. ನಮ್ಮದು ಎರಡು ಕೋಣೆಯ ಮನೆ, ಗೋಡೆಗೆ ಕಿವಿ ಬೇಕಿಲ್ಲ. ಮರುದಿನ ಬೆಳಿಗ್ಗೆ ನೀನು ಚೀಲ ಹಿಡಿದು ನಿಂತು, "ನೀವು ಹೇಳಿದ್ದು ಸುಳ್ಳಾಗಬಾರದಲ್ರೀ, ಖರೇ ಮಾಡಿ ಬರ್ತೀನಿ" ಅಂದೆ. ಬರಲಿಲ್ಲ. ಇಂದಿಗೆ ನಾಲ್ಕು ತಿಂಗಳು ಹತ್ತು ದಿನ. ಕವಾಗುಚಿಯಲ್ಲಿ ಹೇಳಿದಾಗ ಆ ಮಾತು ಸುಳ್ಳಾಗಿರಲಿಲ್ಲ. ಆದರೂ ಬಾಯಿಂದ ಹೊರಟದ್ದು ಸುಳ್ಳಿನ ದನಿಯಲ್ಲೇ.

ನನ್ನದು ಮುಗಿದ ಮೇಲೆ ಮುದುಕ ತಿರುಗಿ ಕೂತ. ಈಗ ನನ್ನ ಪಾಳಿ. ಭುಜದಿಂದ ಸೊಂಟದವರೆಗೆ ಅವನ ಬೆನ್ನು ಸುಟ್ಟಿತ್ತು. ಎಂದೋ ಕಾದ ಕಬ್ಬಿಣ ಸಿಡಿದದ್ದು. ಚರ್ಮ ಅಲ್ಲಲ್ಲಿ ಬೆಳ್ಳಗೆ, ನಕಾಶೆಯ ಹಾಗೆ. ನನ್ನ ಕೈ ಗಾಳಿಯಲ್ಲೇ ನಿಂತಿತು. ಅವನು ಹಿಂದೆ ನೋಡದೆ ಏನೋ ಅಂದ.

"ನೋಯೂದಿಲ್ಲಂತ್ರಿ ಸರ. ಜೋರ ತಿಕ್ರಿ ಅಂತಾರ."

ತಿಕ್ಕಿದೆ. ಚರ್ಮ ಚರ್ಮವೇ ಆಗಿತ್ತು, ಬೆಚ್ಚಗಿತ್ತು, ಅಷ್ಟೇ. ಪ್ರೇಮಾ, ಅಲ್ಲಿ ಕೂತು ನನಗೆ ಒಂದು ಪ್ರಾಸವೂ ಹೊಳೆಯಲಿಲ್ಲ. ಗುರುತೇ ಇಲ್ಲದ ಮನುಷ್ಯನ ಬೆನ್ನನ್ನು ಕೈಯಾರೆ ತೊಳೆಯುತ್ತಿದ್ದೇನೆ. ನಿನ್ನ ಬೆನ್ನು ಮುಟ್ಟಿ ಎಷ್ಟು ವರ್ಷವಾಯಿತು ಎಂದು ಎಣಿಸಲು ಹೋಗಿ ನಿಲ್ಲಿಸಿದೆ.

ಮೊದಲು ನಿನ್ನ ಬೆರಳ ತುದಿಗೆ ಬಂತು, ಆಮೇಲೆ ತುಟಿಯ ಅಂಚಿಗೆ, ಆಮೇಲೆ ಬೆನ್ನಿಗೆ. ಡಾಕ್ಟರರು ಇದು ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದು ಮೂರು ಸಲ ಹೇಳಿದರು, ನಾನು ಮೂರು ಸಲ ಗೋಣು ಹಾಕಿದೆ. ಆ ವರ್ಷದ ದೀಪಾವಳಿಗೆ ನೀನು ಎಣ್ಣೆಯ ಬಟ್ಟಲು ಹಿಡಿದು ಬಂದಾಗ, "ಕೊಡಿಲ್ಲೆ, ನಾನ ಹಚ್ಕೋತೀನಿ, ಕಂಪನಿಗೆ ಹೊತ್ತಾತು" ಅಂದೆ. ದೀಪಾವಳಿಗೆ ಕಂಪನಿಗೆ ನಾಲ್ಕು ದಿನ ರಜೆ ಎಂಬುದು ನಿನಗೂ ಗೊತ್ತಿತ್ತು. ನೀನು ಬಟ್ಟಲು ಕೆಳಗಿಟ್ಟು ಕೈ ಸೆರಗಿಗೆ ಒರೆಸಿಕೊಂಡೆ. ಮರುವರ್ಷ ಬಟ್ಟಲು ಬಚ್ಚಲ ಕಟ್ಟೆಯ ಮೇಲೆ ಮೊದಲೇ ಇತ್ತು, ನೀನು ಇರಲಿಲ್ಲ. ಅದರ ಮರುವರ್ಷವೂ ಹಾಗೇ. ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಎತ್ತದೇ ಇರುವುದನ್ನು ನಾನು ಹೊಂದಾಣಿಕೆ ಎಂದು ಕರೆದುಕೊಂಡೆ.

ಸಭಿಕರೇ, ಪ್ರಶ್ನೆಗಳಿದ್ದರೆ

ಇಲ್ಲ. ಸಾಕು. ಸಭಿಕರಿಲ್ಲ. ಭಾಷಣ ಇಲ್ಲ, ಉಪ್ಪಿಟ್ಟು ಇಲ್ಲ, ಬಳಗದವರು ಯಾರೂ ನನ್ನನ್ನು ಕರೆದಿಲ್ಲ. ನಿನ್ನೊಬ್ಬಳಿಗೇ ಬರೆಯಲು ಧೈರ್ಯ ಸಾಲದೆ ನೂರು ಕುರ್ಚಿ ಹಾಕಿಸಿದೆ.

ಜುಲೈಯಲ್ಲಿ ನಿನಗೆ ಹೇಳಿದೆ: "ಅವ್ವಮ್ಮತ್ತಿ ಅಂತಾಳ, ಮಂದಿ ಮುಂದ ನೀ ಬರೂದು ಬ್ಯಾಡಂತ. ಹಿರೇರ ಮಾತು, ಒಂದ ದಿನದ ಪ್ರಶ್ನೆ." ಅವ್ವಮ್ಮ ಹಾಗೆ ಅಂದೇ ಇಲ್ಲ. ಅವಳು ಅಂದದ್ದು, "ಹುಡುಗಿ ತಾಯಿ ಮೊದಲ ಬಂದು ಕೂಡಲಿ, ಬಂದವರು ನೋಡೂದೆಲ್ಲಾ ಒಮ್ಮೆ ನೋಡಿ ಹೋಗ್ಲಿ." ಅವಳಿಗೆ ನಾನು ಹೇಳಿದ್ದು, ನೀನೇ ಬರಲು ಒಲ್ಲೆ ಎನ್ನುತ್ತೀ ಎಂದು. ಮಿರಜದವರೂ ಏನೂ ಕೇಳಿರಲಿಲ್ಲ. ನಿನ್ನನ್ನು ಒಳಗೆ ಕೂಡಿಸಿದವನು ನಾನು, ನಾನೊಬ್ಬನೇ. ನಿನಗೆ ತೊನ್ನು ಬಂದಿದೆ ಎಂದು ನನಗೆ ನಾಚಿಕೆಯಾಗಿತ್ತು. ಈ ಶಬ್ದವನ್ನು ನಮ್ಮ ಮನೆಯಲ್ಲಿ ಇವತ್ತು ಮೊದಲ ಸಲ ಬರೆದಿದ್ದೇನೆ. ನೀನು ನಾಲ್ಕು ತಿಂಗಳಿಂದ ಆ ಮುದುಕಿಯ ಜೊತೆ ಮಾತು ಬಿಟ್ಟಿದ್ದೀ. ಬಿಡಬೇಕಾದದ್ದು ನನ್ನ ಜೊತೆ.

ಬಾ ಎಂದು ಬರೆಯುವುದಿಲ್ಲ. ಅದು ನಿನ್ನ ನಿರ್ಧಾರ.

ಇತಿ
ಭುಜಂಗ

ತಾ.ಕ.: ನಿನ್ನೆ ಮಿರಜಕ್ಕೆ ಹೋಗಿದ್ದೆ, ರೇಣುವನ್ನು ಕೇಳಿಯೇ. ಎಲ್ಲವನ್ನೂ ಹೇಳಿದೆ: ಅಂದು ನೀನು ಮನೆಯಲ್ಲೇ ಇದ್ದೆ, ನಾನು ಅಡಗಿಸಿದ್ದೆ, ಇಂಥ ಕಾರಣಕ್ಕೆ. ಹುಡುಗನ ತಾಯಿ, "ಇಷ್ಟ ಏನ್ರಿ? ನಾವು ಬ್ಯಾರೇನ ಅಂದ್ಕೊಂಡಿದ್ವಿ. ಹೇಂತಿ ಇವರನ್ನ ಬಿಟ್ಟು ಹೋಗ್ಯಾಳ, ಅದಕ್ಕ ತೋರಿಸವಲ್ರು ಅಂತ" ಅಂದರು. ಅದೂ ಖರೇನ ಅದರೀ ಅಂದೆ. ಆಗ ಆಕೆ, ಹಾಗಾದರೆ ಸಂಬಂಧದ ಮುಂದಿನ ಮಾತು ನಿಮ್ಮ ಜೊತೆ ಅಲ್ಲ, ಅವರ ಜೊತೆ ಎಂದು ನಿನ್ನ ಅಣ್ಣನ ಮನೆಯ ವಿಳಾಸ ಬರೆಸಿಕೊಂಡರು. ಗುರುವಾರ ಗದಗಕ್ಕೆ ಬರುತ್ತಾರೆ. ನಾನು ಬರುತ್ತಿಲ್ಲ, ನನ್ನನ್ನು ಕರೆದಿಲ್ಲ.