ಜ್ಞಾಪಕಶಕ್ತಿಯ ಮಾತ್ರೆ

ಚೊಂಜು
ಅಕ್ಟೋಬರ್ ೧೭, ಗುರುವಾರ

ಹೇವೊನಳ ಅಪ್ಪನಿಗೆ,

ನೀವು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕ್ಷೇಮ ಸಮಾಚಾರವನ್ನು ಇದಕ್ಕಿಂತ ಉದ್ದ ಬರೆಯುವಷ್ಟು ತ್ರಾಣ ನನಗಿಲ್ಲ. ನಾಲ್ಕು ವರ್ಷದಿಂದ ಕೊಜೆ ದ್ವೀಪದಲ್ಲಿ ಹಡಗುಗಳಿಗೆ ಬೆಸುಗೆ ಹಾಕುತ್ತ ಬೇರೆಯಾಗಿದ್ದೀರಿ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಮಗಳನ್ನು ಆಸ್ಪತ್ರೆಗೆ ಸೇರಿಸಬೇಕು. ಮನೋರೋಗದ ವಾರ್ಡಿಗೆ. ಇನ್ನೂ ಹದಿನಾರು ವರ್ಷವಲ್ಲವೇ, ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕಂತೆ. ಫಾರಂ ಇದರೊಳಗಿದೆ.

ಬೇಸಿಗೆಯಲ್ಲಿ ಒಂದೇ ಒಂದು ಸಲ ನೀವು ಫೋನ್ ಎತ್ತಿದಿರಿ. ಅವಳಿಗೆ ಖಿನ್ನತೆ ಇರಬಹುದು ಅಂದದ್ದಕ್ಕೆ, "ಅದೆಲ್ಲ ಹೊಟ್ಟೆ ತುಂಬಿದವರ ಕಾಯಿಲೆ ಕಣೆ. ಅವಳ ಹೆಸರಲ್ಲಿ ಹುಚ್ಚಿನ ದಾಖಲೆ ಹುಟ್ಟಿಸಬೇಡ, ನಾಳೆ ಕೆಲಸ ಕೊಡೋರ್ಯಾರು?" ಅಂದಿರಿ. ಆಗ ನಿಮ್ಮನ್ನು ಮನಸಾರೆ ಬೈದುಕೊಂಡೆ. ಆಮೇಲೆ ನಾನು ಮಾಡಿದ್ದೂ ಅದನ್ನೇ. ಬಸ್ಸಿನಲ್ಲಿ ಒಂದು ಗಂಟೆ ದೂರದ, ಗುರುತಿನವರಿಲ್ಲದ ಊರಿನ ಡಾಕ್ಟರ ಬಳಿ ಕರೆದೊಯ್ದೆ. ದಾಖಲೆ ಆಗದಿರಲಿ ಎಂದು ವಿಮೆಯ ಮಾತೇ ಎತ್ತದೆ ಕೈಯಿಂದಲೇ ದುಡ್ಡು ಕಟ್ಟಿದೆ. ಕಾಯಿಲೆಯ ಹೆಸರನ್ನು ಮಗಳಿಗೆ ನಾನೇ ಹೇಳುತ್ತೇನೆಂದು ಡಾಕ್ಟರನ್ನು ಒಪ್ಪಿಸಿದೆ. ಹೇಳಲಿಲ್ಲ. ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದು, ಇದು ಜ್ಞಾಪಕಶಕ್ತಿಗೆ ಎಂದೆ. ಅವಳ ತರಗತಿಯಲ್ಲಿ ಅಂಥದ್ದು ನುಂಗದ ಮಕ್ಕಳೇ ಇಲ್ಲ. ಅವಳೂ ಏನೂ ಕೇಳದೆ ನುಂಗಿದಳು.

ಐದನೆಯ ವಾರ ಒಂದು ದಿನ ತಾನಾಗಿ ನನ್ನ ಪಲ್ಯದ ಅಂಗಡಿಗೆ ಬಂದು ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚಿಕೊಟ್ಟಳು. ಗಿರಾಕಿ ಹೆಂಗಸೊಬ್ಬಳು, "ಇಷ್ಟು ದಪ್ಪ ಹೆಚ್ಚಿದ್ರೆ ನನ್ನ ಹಲ್ಲು ಕಟ್ಟಿಸಿಕೊಡ್ತೀಯೇನೇ?" ಅಂದದ್ದಕ್ಕೆ ಮಗಳು ನಕ್ಕುಬಿಟ್ಟಳು. ವಾಸಿಯಾಯಿತು ಅಂದುಕೊಂಡೆ. ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂತು, ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಟೀಚರು ದೂರಿದರು. ಮಾತ್ರೆಯ ಮಂಪರೇ ಇರಬೇಕೆಂದು ಯಾರನ್ನೂ ಕೇಳದೆ ಅದನ್ನು ತೆಗೆದು ಅದೇ ಡಬ್ಬಿಗೆ ನಿಜವಾದ ವಿಟಮಿನ್ ತುಂಬಿದೆ. ಹೌದು, ನಾನೇ.

ಪರೀಕ್ಷೆ ಮುಗಿದ ಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚಿಕೊಳ್ಳಲಿಲ್ಲ, ಗಂಜಿ ತಂದರೆ ಗೋಡೆ ಕಡೆ ತಿರುಗಿದಳು. ಕೊನೆಗೆ ಒಂದು ದಿನ, "ಜ್ಞಾಪಕಶಕ್ತಿ ಮಾತ್ರೆ ನುಂಗಿದ್ರೂ ತಲೆಗೇನೂ ಹತ್ತಲ್ಲ ಅಂದ್ರೆ ನಾನು ದಂಡಪಿಂಡ ಕಣಮ್ಮ. ನಾನಿಲ್ದಿದ್ರೆ ನಿನಗೆ ಸಲೀಸು" ಅಂದಳು. ಆ ಗಳಿಗೆಯಲ್ಲೇ ಕರೆದುಕೊಂಡು ಹೊರಟೆ. ಅವಳೆದುರೇ ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಕೊಂಡೆ.

ಡಾಕ್ಟರು ಬೈಯಲಿಲ್ಲ. "ಮಾತ್ರೆ ಮತ್ತೆ ಶುರು ಮಾಡೋಣಮ್ಮ, ಮಾತುಕತೇನೂ ಬೇಕು. ಆದ್ರೆ ಕೆಲವು ವಾರ ಇವಳು ನಮ್ಮ ಕಣ್ಣೆದುರೇ ಇರ್ಲಿ" ಅಂದರು. ಹೇವೊನ್ ಕೇಳಿದ್ದು ಇಷ್ಟೇ: "ಹಾಗಾದ್ರೆ ಇದು ಕಾಯಿಲೆನಾ? ನಾನು ಸೋಮಾರಿ ಅಲ್ವಾ?" ಕಾಯಿಲೆಯೇ, ಸೋಮಾರಿತನ ಅಲ್ಲ ಎಂದರು ಡಾಕ್ಟರು. ಮೋಸ ಮಾಡಿದ್ದಕ್ಕೆ ನನ್ನ ಮೇಲೆ ಹರಿಹಾಯುತ್ತಾಳೆ ಅಂದುಕೊಂಡಿದ್ದೆ. ಅವಳು ಮುಖ ಮುಚ್ಚಿಕೊಂಡು ತುಂಬ ಹೊತ್ತು ಅತ್ತಳು. ಆಮೇಲೆ, ಇಲ್ಲೇ ಸೇರ್ಕೋತೀನಿ ಎಂದಳು.

ಸಹಿಯಾದ ಫಾರಂ ತಲುಪಿದ ದಿನವೇ ಜಾಗ ಕೊಡುತ್ತಾರಂತೆ. ಅಲ್ಲಿಯವರೆಗೆ ಅಂಗಡಿ ಮುಚ್ಚಿ ಅವಳ ಪಕ್ಕದಲ್ಲೇ ಕೂತಿದ್ದೇನೆ. ಸಾಕಾಗಿಹೋಗಿದೆ ನನಗೆ. ನಿಮ್ಮ ಮೇಲಿನ ಸಿಟ್ಟು ಹಾಗೇ ಇದೆ, ಅದು ಇನ್ನೊಂದು ದಿನಕ್ಕಿರಲಿ. ದಾಖಲೆಯ ಮಾತು ಮತ್ತೆ ಎತ್ತಬೇಡಿ, ಸಹಿ ಹಾಕಿ. ಬರಲಾದರೆ ನೀವೇ ತನ್ನಿ.

ಇಂತಿ,
ಹೇವೊನಳ ಅಮ್ಮ,
ಇನ್‌ಸುಕ್

ತಾ.ಕ.: ಕಾಗದ ಮಡಿಸುವಾಗ ಹೇವೊನ್ ಫಾರಂ ಎತ್ತಿ ನೋಡಿದಳು. "ಅಮ್ಮ, ನಿನ್ನ ಸಹೀನೂ ಇಲ್ವಲ್ಲ" ಅಂದಳು. ನಿಜ. ಐದು ದಿನದಿಂದ ಫಾರಂ ನನ್ನ ಹತ್ತಿರವೇ ಇತ್ತು. ನೀವು ಆಗಲ್ಲ ಅಂದುಬಿಟ್ಟರೆ ತಪ್ಪು ನಿಮ್ಮದಾಗುತ್ತದೆ, ಮಗಳು ಮನೆಯಲ್ಲೇ ಉಳಿಯುತ್ತಾಳೆ ಅಂತ ಆಸೆಪಟ್ಟಿದ್ದೆ. ತಡ ಮಾಡಿದ್ದು ನಾನು, ನೀವಲ್ಲ. ಈಗ ಸಹಿ ಹಾಕಿದ್ದೇನೆ. ಪೆನ್ನು ಅವಳೇ ತಂದುಕೊಟ್ಟಳು.